ಕನಿಕರಕ್ಕೆ ತಕ್ಕ ಕಾಯಕ: ಫ್ಲಾರೆನ್ಸ್ ನೈಟಿಂಗೇಲ್ ಅವರ ಜೀವನ

ಪ್ರತಿವರ್ಷ ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಶ್ರೀಮಠಕ್ಕೆ ದರ್ಶನಕ್ಕೆಂದು ಬರುವ ತಂದೆತಾಯಿಗಳು ತಮ್ಮ ಮಗನನ್ನೋ ಮಗಳನ್ನೋ ಮುಂದೆ ನಿಲ್ಲಿಸಿ ಒಂದು ಪ್ರಶ್ನೆಯನ್ನು ಕೇಳುವುದುಂಟು. ಮಗುವಿನ ಮನಸ್ಸು ಬಲು ಮೃದು. ಪರರ ನೋವನ್ನು ಕಂಡರೆ ಸುಮ್ಮನಿರಲಾರದು. ನಾಲ್ಕು ಜನಕ್ಕೆ ಉಪಯೋಗವಾಗಿ ಬಾಳಬೇಕೆಂಬ ಆಸೆ ಅದಕ್ಕಿದೆ. ಇಂಥ ಮಗು ಯಾವ ಓದನ್ನು ಓದಬೇಕು, ಯಾವ ಉದ್ಯೋಗವನ್ನು ಹಿಡಿಯಬೇಕು? ಹೆಚ್ಚಿನವರ ಮನಸ್ಸಿನಲ್ಲಿ ಉತ್ತರವು ಮೊದಲೇ ಸಿದ್ಧವಾಗಿರುತ್ತದೆ. ವೈದ್ಯ, ದಾದಿ, ಶಿಕ್ಷಕ ಎಂಬ ಮೂರು ಹೆಸರುಗಳ ಆಚೆಗೂ ಸೇವೆಯ ಹಾದಿಗಳಿವೆ ಎಂಬುದು ಅವರಿಗೆ ತೋರುವುದಿಲ್ಲ. ಮಗುವಿನ ಕನಿಕರವನ್ನು ಅವರು ಸರಿಯಾಗಿ ಗುರುತಿಸಿರುತ್ತಾರೆ. ಮಗುವಿನ ಸ್ವಭಾವವನ್ನು ಗುರುತಿಸಿರುವುದಿಲ್ಲ.

ಪರೋಪಕಾರದ ಮನಸ್ಸು ಎಂಬುದು ಒಂದೇ ಬಗೆಯದಲ್ಲ. ನೊಂದವನ ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿಯಬಲ್ಲವರಿದ್ದಾರೆ. ಹಾಗೆ ಕುಳಿತುಕೊಳ್ಳಲಾಗದೆ, ಅವನು ನೊಂದದ್ದೇಕೆ ಎಂದು ಕಾರಣವನ್ನು ಹುಡುಕಿಕೊಂಡು ಹೊರಡುವವರಿದ್ದಾರೆ. ನಾಳೆ ಮತ್ತೊಬ್ಬ ನೋಯದಂತೆ ಏರ್ಪಾಡು ಮಾಡುವವರೂ ಇದ್ದಾರೆ. ಇವರೆಲ್ಲರ ಹೃದಯದಲ್ಲಿರುವ ಕನಿಕರ ಒಂದೇ ಆದರೂ ಅವರವರಿಗೆ ಒಗ್ಗುವ ಕಾಯಕ ಬೇರೆ ಬೇರೆ. ಈ ಮಾತನ್ನು ಮನಗಾಣಿಸಲು ಜಗತ್ತೆಲ್ಲ ಬಲ್ಲ ಒಬ್ಬ ಮಹಿಳೆಯ ಜೀವನವನ್ನು ಇಲ್ಲಿ ನಿರೂಪಿಸುತ್ತಿದ್ದೇವೆ. ಅವರ ಹೆಸರು ಫ್ಲಾರೆನ್ಸ್ ನೈಟಿಂಗೇಲ್. ದೀಪವನ್ನು ಹಿಡಿದು ರಾತ್ರಿಯ ಹೊತ್ತು ಗಾಯಾಳುಗಳ ನಡುವೆ ನಡೆದ ತಾಯಿ ಎಂದು ನಮ್ಮ ಶಾಲೆಯ ಪಾಠಗಳು ಅವರನ್ನು ಪರಿಚಯಿಸುತ್ತವೆ. ಆ ಚಿತ್ರ ಸುಳ್ಳಲ್ಲ. ಆದರೆ 90 ವರ್ಷಗಳ ಅವರ ಬದುಕಿನಲ್ಲಿ ಆ ದೀಪ ಬೆಳಗಿದ್ದು ಎರಡು ವರ್ಷಕ್ಕೂ ಕಡಿಮೆ ಕಾಲ. ಉಳಿದ ಕಾಲದಲ್ಲಿ ಅವರು ಮಾಡಿದ್ದೇನು ಎಂಬುದನ್ನು ತಿಳಿದಾಗಲೇ ಅವರ ಬದುಕಿನ ಪಾಠ ನಮಗೆ ಪೂರ್ಣವಾಗಿ ದಕ್ಕುತ್ತದೆ.

ಫ್ಲಾರೆನ್ಸ್ ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ಹುಟ್ಟಿದ ಊರಿನ ಹೆಸರನ್ನೇ ತಂದೆತಾಯಿಗಳು ಮಗಳಿಗೆ ಇಟ್ಟರು. ತಂದೆ ವಿಲಿಯಂ ನೈಟಿಂಗೇಲ್ ಇಂಗ್ಲೆಂಡಿನ ದೊಡ್ಡ ಜಮೀನುದಾರರು, ವಿದ್ಯಾವ್ಯಸನಿಗಳು. ತಾಯಿ ಫ್ಯಾನಿ ಅವರಿಗೆ ಅತಿಥಿಸತ್ಕಾರ, ಗಣ್ಯರ ಒಡನಾಟಗಳಲ್ಲಿ ಆಸಕ್ತಿ. ಬೇಸಿಗೆಗೆ ಡರ್ಬಿಶೈರ್‌ನಲ್ಲಿ ಒಂದು ಮನೆ, ಉಳಿದ ಕಾಲಕ್ಕೆ ಹ್ಯಾಂಪ್‌ಶೈರ್‌ನಲ್ಲಿ ಇನ್ನೊಂದು ಬಂಗಲೆ. ಕೊರತೆಯೆಂಬುದು ಆ ಮನೆಯ ಹೊಸ್ತಿಲನ್ನು ತುಳಿದಿರಲಿಲ್ಲ. ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ತಂದೆಯು ತಾವೇ ಗುರುವಾಗಿ ಇಬ್ಬರು ಹೆಣ್ಣುಮಕ್ಕಳಿಗೆ ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳನ್ನೂ ಇತಿಹಾಸ, ತತ್ತ್ವಶಾಸ್ತ್ರಗಳನ್ನೂ ಕಲಿಸಿದರು. ಅಕ್ಕ ಪಾರ್ಥಿನೋಪ್ ಅವರ ಮನಸ್ಸು ಚಿತ್ರಕಲೆಯ ಕಡೆಗೆ, ಮನೆಯ ಕಡೆಗೆ ಒಲಿದರೆ, ತಂಗಿಯ ಮನಸ್ಸು ಗಣಿತದ ಕಡೆಗೆ ಹರಿಯಿತು. ಹೆಣ್ಣುಮಗಳಿಗೆ ಗಣಿತವೇಕೆ ಎಂದು ಮನೆಯವರು ಹಿಂಜರಿದರೂ ಅವರು ಬಿಡಲಿಲ್ಲ. ಅಂಕಿಗಳನ್ನು ಸಾಲಾಗಿ ಬರೆದು ಹೊಂದಿಸುವುದರಲ್ಲಿ ಆ ಬಾಲಕಿಗೆ ಒಂದು ಬಗೆಯ ನೆಮ್ಮದಿ ದೊರೆಯುತ್ತಿತ್ತು.

ಅದೇ ಬಾಲಕಿಯು ಕಾಯಿಲೆ ಬಿದ್ದ ಸಾಕುಪ್ರಾಣಿಗಳನ್ನೂ ನೆರೆಯ ಬಡವರ ಗುಡಿಸಲುಗಳನ್ನೂ ಹುಡುಕಿಕೊಂಡು ಹೋಗುತ್ತಿದ್ದಳು. 1837ರ ಫೆಬ್ರವರಿಯಲ್ಲಿ, ಇನ್ನೂ 17 ವರ್ಷ ತುಂಬದಿದ್ದಾಗ, ಭಗವಂತನು ತನ್ನನ್ನು ಸೇವೆಗೆ ಕರೆದನೆಂಬ ಅನುಭವ ಅವರಿಗಾಯಿತು. ಯಾವ ಸೇವೆ ಎಂಬುದು ಮಾತ್ರ ಆ ಕರೆಯಲ್ಲಿ ತಿಳಿದುಬರಲಿಲ್ಲ. ಅದನ್ನು ಕಂಡುಕೊಳ್ಳಲು ಅವರಿಗೆ ಹಲವು ವರ್ಷಗಳೇ ಬೇಕಾದವು. ಸೇವೆಯ ಹಂಬಲವಿದ್ದೂ ಹಾದಿ ಕಾಣದೆ ತೊಳಲುವ ಯುವಕ ಯುವತಿಯರು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕರೆಯು ಒಂದು ದಿನದಲ್ಲಿ ಬರಬಹುದು; ಕಾಯಕವು ನಿಧಾನವಾಗಿ ಗೋಚರಿಸುತ್ತದೆ.

1845ರಲ್ಲಿ ಅವರು ಸಾಲಿಸ್‌ಬರಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳು ರೋಗಿಗಳ ಶುಶ್ರೂಷೆಯನ್ನು ಕಲಿಯಬೇಕೆಂದು ಬಯಸಿದರು. ಮನೆಯಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಅಂದಿನ ಇಂಗ್ಲೆಂಡಿನಲ್ಲಿ ದಾದಿಯ ಕೆಲಸವೆಂದರೆ ಬೇರೆ ಗತಿಯಿಲ್ಲದವರು ಹಿಡಿಯುವ ಕೆಲಸ. ಕುಡಿತಕ್ಕೂ ಕೊಳಕಿಗೂ ಹೆಸರಾದ ಕೆಲಸ. ಒಳ್ಳೆಯ ಮನೆತನದ ಹೆಣ್ಣುಮಗಳು ಅಲ್ಲಿ ಕಾಲಿಡುವುದೆಂದರೆ ಮನೆಯವರು ತಲೆ ಎತ್ತದಂತಾಗುವುದು ಎಂದೇ ತಾಯಿಯೂ ಅಕ್ಕನೂ ಭಾವಿಸಿದರು. ಅನುಮತಿ ದೊರೆಯಲಿಲ್ಲ. ಹಗಲು ಹೊತ್ತು ಅತಿಥಿಗಳ ನಡುವೆ ಕುಳಿತು, ಬೆಳಕು ಹರಿಯುವ ಮುನ್ನವೇ ಎದ್ದು, ಆಸ್ಪತ್ರೆಗಳನ್ನೂ ಸಾರ್ವಜನಿಕ ಆರೋಗ್ಯವನ್ನೂ ಕುರಿತ ಸರ್ಕಾರಿ ವರದಿಗಳನ್ನು ಅವರು ಗುಟ್ಟಾಗಿ ಓದತೊಡಗಿದರು. ಟಿಪ್ಪಣಿ ಪುಸ್ತಕಗಳು ತುಂಬಿದವು. ಈ ಓದು ಒಬ್ಬ ದಾದಿಗೆ ಬೇಕಾದ ಓದಾಗಿರಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಅವರ ಸ್ವಭಾವವು ತನಗೆ ಬೇಕಾದ ಆಹಾರವನ್ನು ಆಗಲೇ ತಾನಾಗಿ ಹುಡುಕಿಕೊಂಡಿತ್ತು.

ಈ ನಡುವೆ ಕವಿಯೂ ಸಂಸತ್ತಿನ ಸದಸ್ಯರೂ ಆಗಿದ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಅವರು ಬಹುಕಾಲದಿಂದ ಫ್ಲಾರೆನ್ಸ್ ಅವರ ಕೈಹಿಡಿಯಲು ಬಯಸಿದ್ದರು. ಫ್ಲಾರೆನ್ಸ್ ಅವರಿಗೂ ಅವರಲ್ಲಿ ಪ್ರೀತಿಯಿತ್ತು. ಆದರೂ 1849ರಲ್ಲಿ ಅವರು ಆ ಸಂಬಂಧವನ್ನು ಒಲ್ಲೆನೆಂದರು. ಆ ನಿರ್ಧಾರವನ್ನು ಕುರಿತು ತಮಗಾಗಿಯೇ ಬರೆದಿಟ್ಟುಕೊಂಡ ಟಿಪ್ಪಣಿಯಲ್ಲಿ ಅವರು ತಮ್ಮ ಸ್ವಭಾವವನ್ನು ಮೂರು ಭಾಗವಾಗಿ ವಿಂಗಡಿಸಿ ನೋಡಿದ್ದಾರೆ. ಬುದ್ಧಿಯ ಹಸಿವು ಆ ಬಾಳಿನಲ್ಲಿ ತೀರುವುದು, ಪ್ರೀತಿಯ ಹಸಿವೂ ತೀರುವುದು. ಧರ್ಮಬುದ್ಧಿಯಿಂದ ಕೆಲಸ ಮಾಡಬೇಕೆಂಬ ಮೂರನೆಯ ಹಸಿವು ಮಾತ್ರ ಗಣ್ಯರ ಮನೆಯ ಒಡತಿಯಾಗಿ ಬಾಳಿದರೆ ತೀರದು ಎಂಬುದು ಅವರ ವಿವೇಚನೆಯ ಸಾರ. ಮದುವೆಯನ್ನು ನಿರಾಕರಿಸಿದ್ದು ದೊಡ್ಡದು ಎಂದು ನಾವು ಹೇಳುತ್ತಿಲ್ಲ; ಗೃಹಸ್ಥಾಶ್ರಮದಲ್ಲಿದ್ದು ಸೇವೆಗೈದ ಮಹಾನುಭಾವರು ಅಸಂಖ್ಯರು. ತನ್ನನ್ನು ತಾನು ಇಷ್ಟು ನಿಷ್ಠುರವಾಗಿ, ಇಷ್ಟು ಪ್ರಾಮಾಣಿಕವಾಗಿ ಪರಿಶೀಲಿಸಿಕೊಂಡು ಒಂದು ಹಾದಿಯನ್ನು ಆರಿಸಿಕೊಂಡ ಬಗೆ ದೊಡ್ಡದು. ಅದಕ್ಕಾಗಿ ಅವರು ತೆತ್ತ ಬೆಲೆಯೂ ಸಣ್ಣದಲ್ಲ.

1851ರಲ್ಲಿ ಕೊನೆಗೂ ಮನೆಯ ಬಿಗಿ ಸ್ವಲ್ಪ ಸಡಿಲಿತು. ಜರ್ಮನಿಯ ರೈನ್ ನದಿಯ ದಡದಲ್ಲಿರುವ ಕೈಸರ್ಸ್‌ವರ್ತ್ ಎಂಬ ಊರಿನಲ್ಲಿ ಪಾದ್ರಿ ಫ್ಲೀಡ್ನರ್ ಅವರು ನಡೆಸುತ್ತಿದ್ದ ಸೇವಾಸಂಸ್ಥೆಯಲ್ಲಿ ಅವರು ಮೂರು ತಿಂಗಳು ತರಬೇತಿ ಪಡೆದರು. ಮುಂಜಾನೆ ಏಳುವುದು, ಸರಳ ಊಟ, ಬಿಡುವಿಲ್ಲದ ದುಡಿಮೆ. ಬಂಗಲೆಯಲ್ಲಿ ಬೆಳೆದ ಆ ಜೀವಕ್ಕೆ ಅಲ್ಲಿ ಮೊದಲ ಬಾರಿಗೆ ಬಾಳು ರುಚಿಸಿತು. 1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯ ಒಂದು ಪುಟ್ಟ ಆಸ್ಪತ್ರೆಯ ಮೇಲ್ವಿಚಾರಕಿಯ ಹೊಣೆ ಅವರಿಗೆ ದೊರೆಯಿತು. ಅವರು ಸಂಬಳವನ್ನು ತೆಗೆದುಕೊಳ್ಳಲಿಲ್ಲ. ತಂದೆಯು ವರ್ಷಕ್ಕೆ 500 ಪೌಂಡುಗಳನ್ನು ಮಗಳ ಖರ್ಚಿಗೆ ಕೊಡಲೊಪ್ಪಿದರು. ಅಲ್ಲಿ ಅವರು ಮೊದಲು ಕೈಹಾಕಿದ್ದು ಯಾವುದಕ್ಕೆ? ಬಿಸಿನೀರು ಕೊಳವೆಯ ಮೂಲಕ ಪ್ರತಿ ಮಹಡಿಗೂ ಏರಬೇಕು, ರೋಗಿಗಳ ಊಟವನ್ನು ಮೇಲಕ್ಕೆ ಸಾಗಿಸಲು ಎತ್ತುಯಂತ್ರವಿರಬೇಕು, ರೋಗಿ ಗಂಟೆ ಎಳೆದರೆ ಯಾವ ಹಾಸಿಗೆಯಿಂದ ಕರೆ ಬಂತೆಂದು ದಾದಿಗೆ ತಿಳಿಯಬೇಕು. ಮೆಟ್ಟಿಲು ಹತ್ತಿಳಿಯುವುದರಲ್ಲಿ ದಾದಿಯ ಕಾಲು ಸೋತರೆ ರೋಗಿಯ ಪಕ್ಕದಲ್ಲಿ ನಿಲ್ಲುವವರಾರು ಎಂಬ ಆಲೋಚನೆ ಇದರ ಹಿಂದಿತ್ತು. ಅವರ ಕನಿಕರವು ಇಲ್ಲಿ ಏರ್ಪಾಡಿನ ರೂಪವನ್ನು ತಾಳಿತು.

1854ರ ಮಾರ್ಚ್‌ನಲ್ಲಿ ಬ್ರಿಟನ್ನು ರಷ್ಯಾದ ವಿರುದ್ಧ ಕ್ರಿಮಿಯಾ ಯುದ್ಧಕ್ಕೆ ಇಳಿಯಿತು. ಗಾಯಗೊಂಡ ಸೈನಿಕರಿಗೆ ಆರೈಕೆಯಿಲ್ಲ, ಬಟ್ಟೆಯಿಲ್ಲ, ಔಷಧವಿಲ್ಲ ಎಂಬ ವರದಿಗಳು ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾದಾಗ ಇಂಗ್ಲೆಂಡಿನ ಜನ ಕೆರಳಿದರು. ಯುದ್ಧ ಇಲಾಖೆಯ ಮಂತ್ರಿಗಳಲ್ಲೊಬ್ಬರೂ ಫ್ಲಾರೆನ್ಸ್ ಅವರ ಆಪ್ತ ಮಿತ್ರರೂ ಆಗಿದ್ದ ಸಿಡ್ನಿ ಹರ್ಬರ್ಟ್ ಅವರು ದಾದಿಯರ ತಂಡವೊಂದನ್ನು ಕರೆದೊಯ್ಯುವಂತೆ ಅವರನ್ನು ಬೇಡಿಕೊಂಡರು. ಕೆಲವೇ ದಿನಗಳಲ್ಲಿ 38 ಮಂದಿ ಸ್ತ್ರೀಯರ ತಂಡ ಸಿದ್ಧವಾಯಿತು. ಅವರಲ್ಲಿ 24 ಮಂದಿ ಬೇರೆ ಬೇರೆ ಕ್ರೈಸ್ತ ಪಂಥಗಳ ಸನ್ಯಾಸಿನಿಯರು ಮತ್ತು ಸೇವಾಸಂಘದವರು; 14 ಮಂದಿ ಆಸ್ಪತ್ರೆಯ ದಾದಿಯರು. 1854ರ ನವೆಂಬರ್ 4ರಂದು ಅವರು ಇಂದಿನ ಇಸ್ತಾಂಬುಲ್ ನಗರದ ಎದುರು ದಡದಲ್ಲಿದ್ದ ಸ್ಕುಟಾರಿಯ ಸೇನಾ ಆಸ್ಪತ್ರೆಯನ್ನು ತಲುಪಿದರು.

ಅಲ್ಲಿ ಕಂಡ ದೃಶ್ಯ ಭೀಕರವಾಗಿತ್ತು. ಮೈಲುಗಟ್ಟಲೆ ಹಬ್ಬಿದ ಹಾಸಿಗೆಗಳ ಸಾಲು, ತುಂಬಿ ತುಳುಕುವ ಶೌಚಗುಂಡಿಗಳು, ಹೇನು, ಇಲಿ, ದುರ್ಗಂಧ. ಸೇನೆಯ ವೈದ್ಯರು ಈ ಹೆಂಗಸರನ್ನು ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ. ಕರುಣೆಯಿಂದ ತಹತಹಿಸುತ್ತಿದ್ದ ತಮ್ಮ ದಾದಿಯರನ್ನು ಫ್ಲಾರೆನ್ಸ್ ಅವರು ತಡೆದು ನಿಲ್ಲಿಸಿದರು. ವೈದ್ಯರು ಕರೆಯುವ ತನಕ ಯಾರೂ ರೋಗಿಯನ್ನು ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿ, ಅವರನ್ನು ಬಟ್ಟೆ ಹೊಲಿಯಲು, ಪಟ್ಟಿ ಸಿದ್ಧಪಡಿಸಲು ಕೂರಿಸಿದರು. ಕೆಲವರಿಗೆ ಇದು ಕಲ್ಲುಮನಸ್ಸೆಂದು ತೋರಿತು. ಆದರೆ ವೈದ್ಯರ ವಿಶ್ವಾಸವಿಲ್ಲದೆ ಒಂದು ದಿನ ಮಾಡಿದ ಸೇವೆ ಮರುದಿನ ನಿಂತುಹೋಗುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಇಂಕರ್ಮನ್ ಕದನದ ಗಾಯಾಳುಗಳು ಹಡಗು ಹಡಗಾಗಿ ಬಂದಿಳಿದಾಗ ವೈದ್ಯರೇ ದಾದಿಯರನ್ನು ಕರೆದರು. ಅಂದಿನಿಂದ ಅಡುಗೆಮನೆ, ಅಗಸರ ಮನೆ, ಉಗ್ರಾಣ, ಹಾಸಿಗೆ, ಅಂಗಿ ಎಲ್ಲದರ ಲೆಕ್ಕವೂ ಅವರ ಕೈಗೆ ಬಂತು. ಹಗಲೆಲ್ಲ ಈ ಕೆಲಸ. ರಾತ್ರಿ ದೀಪ ಹಿಡಿದು ಸಾಲುಸಾಲು ಹಾಸಿಗೆಗಳ ನಡುವೆ ಒಂದು ಸುತ್ತು. ಆಮೇಲೆ ಸತ್ತ ಸೈನಿಕರ ತಾಯಂದಿರಿಗೆ ಪತ್ರ.

ಇಷ್ಟಾದರೂ ಸಾವು ನಿಲ್ಲಲಿಲ್ಲ. ಆ ಚಳಿಗಾಲದಲ್ಲಿ ಸ್ಕುಟಾರಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರು ತೀರಿಕೊಂಡರು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದ ನೂರು ಮಂದಿಯಲ್ಲಿ ಸುಮಾರು 42 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಗುಂಡಿನ ಗಾಯವಲ್ಲ. ರಕ್ತಭೇದಿ, ವಿಷಮಜ್ವರ, ಕಾಲರಾಗಳು. ದಾದಿಯರ ಮಮತೆ ಕಡಿಮೆಯಾಗಿರಲಿಲ್ಲ, ಅನ್ನ ಬಟ್ಟೆಗಳೂ ಸುಧಾರಿಸಿದ್ದವು; ಆದರೂ ಆಸ್ಪತ್ರೆಯೇ ಸಾವಿನ ಮನೆಯಾಗಿತ್ತು. ಮಾರ್ಚ್ ತಿಂಗಳಲ್ಲಿ ಲಂಡನ್ನಿನಿಂದ ನೈರ್ಮಲ್ಯ ಆಯೋಗವೊಂದು ಬಂತು. ಅದರಲ್ಲಿ ವೈದ್ಯರಾದ ಜಾನ್ ಸದರ್ಲೆಂಡ್ ಇದ್ದರು, ಎಂಜಿನಿಯರ್ ರಾಬರ್ಟ್ ರಾಲಿನ್‌ಸನ್ ಇದ್ದರು. ಅವರು ಚರಂಡಿಗಳನ್ನು ತೊಳೆಸಿದರು, ನೀರಿನ ಕಾಲುವೆಯಲ್ಲಿ ಕೊಳೆಯುತ್ತಿದ್ದ ಪ್ರಾಣಿಯ ಹೆಣವನ್ನು ತೆಗೆಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು, ಗಾಳಿಗೆ ದಾರಿ ಮಾಡಿಸಿದರು. ಜೂನ್ ತಿಂಗಳ ಹೊತ್ತಿಗೆ ಸಾವಿನ ಪ್ರಮಾಣವು ನೂರಕ್ಕೆ ಎರಡರ ಸಮೀಪಕ್ಕೆ ಇಳಿಯಿತು.

ಆ ಒಂದು ಯುದ್ಧದಲ್ಲಿ ಪರೋಪಕಾರದ ಎಷ್ಟು ಮುಖಗಳು ಕಾಣಿಸಿಕೊಂಡವು ಎಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಲಂಡನ್ನಿನ ಪ್ರಸಿದ್ಧ ಬಾಣಸಿಗ ಅಲೆಕ್ಸಿಸ್ ಸೊಯೆ ತನ್ನ ಸ್ವಂತ ಖರ್ಚಿನಲ್ಲಿ ಸ್ಕುಟಾರಿಗೆ ಬಂದು ಆಸ್ಪತ್ರೆಯ ಅಡುಗೆಯನ್ನು ಸರಿಪಡಿಸಿದನು. ಸೈನಿಕರು ಬಯಲಿನಲ್ಲಿ ಬಳಸಬಹುದಾದ ಅವನ ಒಲೆಯು ಅವನ ಕಾಲಾನಂತರವೂ ಬಹುಕಾಲ ಬ್ರಿಟಿಷ್ ಸೇನೆಯಲ್ಲಿ ಉಳಿಯಿತು. ಜಮೈಕಾದ ಮೇರಿ ಸೀಕೋಲ್ ಎಂಬ ಮಹಿಳೆಯು ದಾದಿಯರ ತಂಡದಲ್ಲಿ ಸೇರಲು ಲಂಡನ್ನಿನಲ್ಲಿ ಅವಕಾಶ ದೊರೆಯದಿದ್ದಾಗ ಎದೆಗುಂದದೆ ತಾನೇ ಕ್ರಿಮಿಯಾಕ್ಕೆ ಹೋಗಿ, ಬಾಲಕ್ಲಾವಾದ ಬಳಿ ಒಂದು ವಸತಿಗೃಹವನ್ನು ತೆರೆದು, ಊಟವನ್ನೂ ಔಷಧವನ್ನೂ ಕೊಟ್ಟು, ರಣರಂಗಕ್ಕೇ ನಡೆದು ಗಾಯಾಳುಗಳನ್ನು ಉಪಚರಿಸಿದಳು. ಬಾಣಸಿಗನ ಸೌಟು, ಎಂಜಿನಿಯರನ ಚರಂಡಿ, ಸೀಕೋಲಳ ಮಾತೃವಾತ್ಸಲ್ಯ ಇವುಗಳಲ್ಲಿ ಹಿರಿದು ಯಾವುದು, ಕಿರಿದು ಯಾವುದು? ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಂಬುವ ನಮಗೆ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಪ್ರತಿಯೊಬ್ಬರೂ ತಮಗೆ ಬಂದ ವಿದ್ಯೆಯನ್ನೇ ಸೇವೆಯಾಗಿಸಿದರು.

1856ರಲ್ಲಿ ಯುದ್ಧ ಮುಗಿಯಿತು. ದೇಶವೆಲ್ಲ ಅವರನ್ನು ಮೆರವಣಿಗೆಯಲ್ಲಿ ಕರೆತರಲು ಕಾದಿತ್ತು. ಅವರೋ ಬೇರೊಂದು ಹೆಸರಿನಲ್ಲಿ ಪ್ರಯಾಣ ಮಾಡಿ, ಯಾರಿಗೂ ತಿಳಿಸದೆ, ರೈಲು ನಿಲ್ದಾಣದಿಂದ ಒಬ್ಬರೇ ನಡೆದು ಮನೆ ಸೇರಿದರು. ಕೀರ್ತಿಯನ್ನು ಅವರು ತೊಡೆದುಕೊಂಡರು; ಸತ್ತವರ ನೆನಪನ್ನು ತೊಡೆಯಲಾಗಲಿಲ್ಲ. ಸೇನೆಯ ಆರೋಗ್ಯವನ್ನು ಕುರಿತ ರಾಜ ಆಯೋಗವೊಂದು 1857ರಲ್ಲಿ ನೇಮಕಗೊಳ್ಳುವಂತೆ ಮಾಡಿ, ಅಂಕಿಅಂಶಗಳಲ್ಲಿ ನಿಷ್ಣಾತರಾಗಿದ್ದ ವಿಲಿಯಂ ಫಾರ್ ಅವರೊಡನೆ ಕುಳಿತು ಆಸ್ಪತ್ರೆಗಳ ಮರಣದ ಲೆಕ್ಕವನ್ನು ಬಿಡಿಸತೊಡಗಿದರು. ಅಲ್ಲಿಯವರೆಗೆ ಅವರು ಸಾವುಗಳಿಗೆ ಮುಖ್ಯ ಕಾರಣ ಆಹಾರದ ಕೊರತೆ, ಅತಿಶ್ರಮ, ರೋಗಿಗಳು ತಡವಾಗಿ ಬರುತ್ತಿದ್ದುದು ಎಂದು ನಂಬಿದ್ದರು. ಅಂಕಿಗಳು ಬೇರೆಯದನ್ನೇ ತೋರಿಸಿದವು. ಸಾವು ಇಳಿದದ್ದು ಚರಂಡಿ ಶುದ್ಧಿಯಾದ ಬಳಿಕ. ತಾವು ಹಗಲಿರುಳು ದುಡಿದ, ತಾವು ದೀಪ ಹಿಡಿದು ನಡೆದ ಆ ಕಟ್ಟಡದ ಹೊಲಸೇ ಸಾವಿರಾರು ಸೈನಿಕರನ್ನು ಕೊಂದಿತ್ತು, ತಮಗದು ತಿಳಿದಿರಲಿಲ್ಲ.

ಸೇವಾಮನೋಭಾವದ ವ್ಯಕ್ತಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ ಎಂದು ನಾವು ಭಾವಿಸುತ್ತೇವೆ. ಸಹಾಯ ಮಾಡಿದ್ದೇನೆಂಬ ತೃಪ್ತಿ ಒಂದು ಕಡೆ. ಮಾಡಿದ ಸಹಾಯ ಫಲಿಸಿತೇ ಎಂಬ ಪ್ರಶ್ನೆ ಇನ್ನೊಂದು ಕಡೆ. ಬಹುಮಂದಿ ಮೊದಲನೆಯದರಲ್ಲೇ ನಿಂತುಬಿಡುತ್ತಾರೆ. ಜನ ತಮ್ಮನ್ನು ದೇವತೆಯೆಂದು ಕೊಂಡಾಡುತ್ತಿದ್ದಾಗ ಫ್ಲಾರೆನ್ಸ್ ಅವರು ಸುಮ್ಮನಿದ್ದಿದ್ದರೆ ಯಾರೂ ಅವರನ್ನು ಪ್ರಶ್ನಿಸುತ್ತಿರಲಿಲ್ಲ. ಅವರು ತಮ್ಮ ಆಸ್ಪತ್ರೆಯ ಸೋಲನ್ನು ತಾವೇ ಲೆಕ್ಕ ಹಾಕಿ ಜಗತ್ತಿನ ಮುಂದಿಟ್ಟರು. 1858ರಲ್ಲಿ ಅಚ್ಚಾದ ಅವರ ವರದಿಯಲ್ಲಿ ಒಂದು ವಿಶಿಷ್ಟ ಚಿತ್ರವಿದೆ. ವೃತ್ತವೊಂದನ್ನು ಹನ್ನೆರಡು ತಿಂಗಳಿಗೆ ಹನ್ನೆರಡು ಹೋಳು ಮಾಡಿ, ಗಾಯದಿಂದಾದ ಸಾವಿಗೆ ಕೆಂಪು, ತಡೆಯಬಹುದಾಗಿದ್ದ ರೋಗದ ಸಾವಿಗೆ ನೀಲಿ, ಉಳಿದವಕ್ಕೆ ಕಪ್ಪು ಬಣ್ಣ ಬಳಿದಿದ್ದಾರೆ. ಅಂಕಿಗಳನ್ನು ಓದಲು ಬೇಸರಪಡುವ ಮಂತ್ರಿಗೂ ನೀಲಿ ಬಣ್ಣದ ವಿಸ್ತಾರವು ಒಂದೇ ನೋಟಕ್ಕೆ ಕಾಣುವಂತಿತ್ತು. ಯುದ್ಧವಿಲ್ಲದಾಗಲೂ ಇಂಗ್ಲೆಂಡಿನ ಸೇನಾ ವಸತಿಗಳಲ್ಲಿದ್ದ ಸೈನಿಕರು ಅದೇ ವಯಸ್ಸಿನ ನಾಗರಿಕರಿಗಿಂತ ಸುಮಾರು ಇಮ್ಮಡಿ ಪ್ರಮಾಣದಲ್ಲಿ ಸಾಯುತ್ತಿದ್ದಾರೆಂಬುದನ್ನೂ ಅವರು ಸಾಬೀತುಪಡಿಸಿದರು. ಸೇನಾ ವಸತಿಗಳು ಸುಧಾರಿಸಿದವು, ಸೇನೆಗೆ ವೈದ್ಯಕೀಯ ಶಾಲೆ ಬಂತು. ಬ್ರಿಟನ್ನಿನ ಸಂಖ್ಯಾಶಾಸ್ತ್ರ ಸಂಘವು ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಸ್ವೀಕರಿಸಿತು. ಬಾಲ್ಯದಲ್ಲಿ ಮನೆಯವರು ಬೇಡವೆಂದ ಗಣಿತವೇ ಕೊನೆಗೆ ಅವರ ಕಾಯಕದ ಉಪಕರಣವಾಯಿತು.

1857ರಲ್ಲೇ ಅವರ ಶರೀರ ಕುಸಿಯಿತು. ಕ್ರಿಮಿಯಾದಲ್ಲಿ ತಗುಲಿದ್ದ ಜ್ವರದ ಶೇಷವು ಅವರನ್ನು ಮುಂದೆ ಬಹುಕಾಲ ಹಾಸಿಗೆಗೆ ಕಟ್ಟಿಹಾಕಿತು. ಆ ಬಳಿಕ ಅವರು ಯಾವ ಆಸ್ಪತ್ರೆಯಲ್ಲಿಯೂ ದಾದಿಯಾಗಿ ದುಡಿಯಲಿಲ್ಲ. ಜನರು ಕಾಣಿಕೆಯಾಗಿ ಕೂಡಿಸಿದ್ದ 44,000 ಪೌಂಡಿಗೂ ಮಿಕ್ಕಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿದ್ದವರು 15 ಮಂದಿ. ಪ್ರತಿ ವಿದ್ಯಾರ್ಥಿನಿಯ ಕೆಲಸವನ್ನಷ್ಟೇ ಅಲ್ಲದೆ ಸಮಯಪಾಲನೆ, ಶಾಂತಸ್ವಭಾವ, ನಂಬಿಕಸ್ಥತೆ, ಅಚ್ಚುಕಟ್ಟುತನ ಮೊದಲಾದ ಗುಣಗಳನ್ನೂ ತಿಂಗಳು ತಿಂಗಳೂ ಬರೆದಿಡುವ ಪದ್ಧತಿ ಅಲ್ಲಿತ್ತು. ಕನಿಕರವೊಂದೇ ಸಾಲದು, ಅದನ್ನು ಹೊರುವ ಗುಣಗಳು ಬೇಕು ಎಂಬುದು ಅದರ ತಾತ್ಪರ್ಯ. ಆ ಶಾಲೆಯಲ್ಲಿ ಕಲಿತ ಆಗ್ನೆಸ್ ಜೋನ್ಸ್ ಎಂಬ ತರುಣಿ 1865ರಲ್ಲಿ ಹನ್ನೆರಡು ದಾದಿಯರೊಡನೆ ಲಿವರ್‌ಪೂಲಿನ ದಟ್ಟದರಿದ್ರರ ಆಸ್ಪತ್ರೆಗೆ ಹೋಗಿ, ಅಲ್ಲಿಯ ರೋಗಿಗಳ ನಡುವೆಯೇ ದುಡಿದು, 1868ರಲ್ಲಿ ಅವರಿಂದಲೇ ತಗುಲಿದ ಜ್ವರದಿಂದ ತೀರಿಕೊಂಡಳು. ಗುರು ಹಾಸಿಗೆಯಲ್ಲಿದ್ದು ಏರ್ಪಾಡುಗಳನ್ನು ಕಟ್ಟಿದರು. ಶಿಷ್ಯೆ ರೋಗಿಯ ಪಕ್ಕದಲ್ಲಿ ನಿಂತಳು. ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಲಾಗುತ್ತಿರಲಿಲ್ಲ.

ನಮ್ಮ ನಾಡಿಗೂ ಆ ಹಾಸಿಗೆಯ ಕೋಣೆಗೂ ಒಂದು ನಂಟಿದೆ. ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ನೇಮಕವಾದ ಆಯೋಗಕ್ಕಾಗಿ ಅವರು ಪ್ರಶ್ನಾವಳಿಯನ್ನು ರೂಪಿಸಿ ಇಲ್ಲಿಯ ಸೇನಾ ಠಾಣ್ಯಗಳಿಗೆ ಕಳುಹಿಸಿದರು. ಬಂದ ಉತ್ತರಗಳ ರಾಶಿಯಿಂದ ಹೊರಟ 1863ರ ವರದಿಯ ಪ್ರಕಾರ ಸಾವಿರ ಸೈನಿಕರಲ್ಲಿ ವರ್ಷಕ್ಕೆ 69 ಮಂದಿ ಸಾಯುತ್ತಿದ್ದರು. ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿಯಿತು. ಆಳುವವರ ಸೈನ್ಯದ ಚಿಂತೆಯಿಂದ ಆರಂಭವಾದ ಕೆಲಸವಿದು. ಆದರೆ ಲೆಕ್ಕವನ್ನು ಕೈಬಿಡದ ಮನಸ್ಸು ಅಲ್ಲಿಗೇ ನಿಲ್ಲಲಿಲ್ಲ. ಸುತ್ತಲಿನ ಹಳ್ಳಿ ಶುದ್ಧವಾಗದೆ ಠಾಣ್ಯ ಶುದ್ಧವಾಗದೆಂದು ಕಂಡುಕೊಂಡಿತು. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನವನ್ನೂ ಬಳ್ಳಾರಿ, ಧಾರವಾಡ, ವಿಜಯಪುರದ ಸೀಮೆಗಳನ್ನೂ ಬರಗಾಲ ನುಂಗಿತು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಅಳಿದರೆಂದು ಲೆಕ್ಕ. ಆಗ ಫ್ಲಾರೆನ್ಸ್ ಅವರು ನೀರಾವರಿ, ರೈತನ ಸಾಲ, ಭೂಕಂದಾಯಗಳನ್ನು ಕುರಿತು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಕಟುವಾಗಿ ಬರೆದರು. ಪುಣೆಯ ಸಾರ್ವಜನಿಕ ಸಭೆಯವರೊಡನೆ ಪತ್ರವ್ಯವಹಾರ ನಡೆಸಿದರು. ಭಾರತದ ನೆಲವನ್ನು ಅವರು ಒಮ್ಮೆಯೂ ತುಳಿದವರಲ್ಲ. ಒಬ್ಬ ದಾದಿಯ ಕೈ ತಲುಪುವುದು ಕೆಲವೇ ಹಾಸಿಗೆಗಳನ್ನು. ಅವರ ಸ್ವಭಾವಕ್ಕೆ ಒಗ್ಗಿದ ಕಾಯಕವು ಕಡಲು ದಾಟಿ ನಮ್ಮ ಹಳ್ಳಿಯ ಬಾವಿಯವರೆಗೆ ಚಾಚಿತು.

ಅವರಲ್ಲಿ ದೋಷಗಳಿರಲಿಲ್ಲವೆಂದು ಹೇಳುವುದು ಸತ್ಯಕ್ಕೆ ಅಪಚಾರ. ತಮ್ಮನ್ನು ತಾವು ದುಡಿಸಿಕೊಂಡಷ್ಟೇ ನಿರ್ದಯವಾಗಿ ಜೊತೆಯವರನ್ನೂ ದುಡಿಸಿದರು. ಮೂತ್ರಪಿಂಡದ ರೋಗದಿಂದ ಬಳಲುತ್ತಿದ್ದ ಸಿಡ್ನಿ ಹರ್ಬರ್ಟ್ ಅವರಿಗೆ ವಿಶ್ರಾಂತಿ ಬೇಕಾಗಿದ್ದಾಗಲೂ ಸುಧಾರಣೆಯ ಕೆಲಸವನ್ನು ಬಿಡದಂತೆ ಒತ್ತಾಯಿಸಿದರು; 1861ರಲ್ಲಿ ಆ ಮಿತ್ರರು ತೀರಿಕೊಂಡಾಗ ಅವರ ದುಃಖಕ್ಕೆ ಮೇರೆಯಿರಲಿಲ್ಲ. ರೋಗಾಣುಗಳ ಸಿದ್ಧಾಂತವನ್ನು ಅವರು ಬಹುಕಾಲ ಒಪ್ಪಲಿಲ್ಲ. ದಾದಿಯರಿಗೆ ಸರ್ಕಾರಿ ನೋಂದಣಿ ಬೇಕೆಂಬ ಚಳವಳಿ ಎದ್ದಾಗ, ಗುಣವನ್ನು ಪರೀಕ್ಷೆಯಿಂದ ಅಳೆಯಲಾಗದೆಂದು ವಾದಿಸಿ ವಿರೋಧಿಸಿದರು. ಇಂಗ್ಲೆಂಡಿನಲ್ಲಿ ಆ ಕಾನೂನು ಬಂದದ್ದು ಅವರ ನಿಧನಾನಂತರ, 1919ರಲ್ಲಿ. ದೂರದ ಸಾವಿರಾರು ಜನರಿಗಾಗಿ ಮಿಡಿಯುವ ಹೃದಯವು ಹತ್ತಿರದ ಒಬ್ಬನ ದಣಿವನ್ನು ಕಾಣದೆ ಹೋಗಬಹುದು. ಸೇವಾವೃತ್ತಿಯನ್ನು ಹಿಡಿಯುವವರು ಈ ಅಪಾಯವನ್ನು ಅರಿತಿರುವುದು ಒಳ್ಳೆಯದು.

ಇಳಿವಯಸ್ಸಿನಲ್ಲಿ ಅವರ ಕಣ್ಣುಗಳು ಮಂಜಾದವು, ಮನಸ್ಸು ಮೆತ್ತಗಾಯಿತು. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವವನ್ನು ಪಡೆದ ಮೊದಲ ಮಹಿಳೆ ಅವರಾದರು. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ಕೊನೆಯುಸಿರೆಳೆದರು. ರಾಜರನ್ನೂ ಮಹಾಪುರುಷರನ್ನೂ ಸಮಾಧಿ ಮಾಡುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರಿಗೂ ಸ್ಥಳ ಕೊಡಲು ಸರ್ಕಾರ ಮುಂದೆ ಬಂದರೂ, ಬಂಧುಗಳು ಅದನ್ನೊಪ್ಪದೆ ಹ್ಯಾಂಪ್‌ಶೈರಿನ ಈಸ್ಟ್ ವೆಲ್ಲೋ ಎಂಬ ಹಳ್ಳಿಯಲ್ಲಿ ತಂದೆತಾಯಿಗಳ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಿದರು. ಅವರ ಜನ್ಮದಿನವಾದ ಮೇ 12ನ್ನು ಜಗತ್ತು ದಾದಿಯರ ದಿನವಾಗಿ ಆಚರಿಸುತ್ತದೆ.

ಈಗ ಮತ್ತೆ ಆ ಮಗುವಿನ ಕಡೆಗೆ ಬರೋಣ. ಮೃದುಮನಸ್ಸಿನ ಮಗುವಿಗೆ ಯಾವ ಓದು ತಕ್ಕದ್ದು ಎಂದು ಕೇಳುವ ತಂದೆತಾಯಿಗಳಿಗೆ ನಾವು ಒಂದು ಕೆಲಸವನ್ನು ವಹಿಸುತ್ತೇವೆ. ಮನೆಯಲ್ಲಿ ಅಜ್ಜಿ ಕಾಯಿಲೆ ಬಿದ್ದಾಗ ಮಗು ಏನು ಮಾಡುತ್ತದೆ ಎಂಬುದನ್ನು ಗಮನಿಸಿರಿ. ಬೇಸರವಿಲ್ಲದೆ ಗಂಟೆಗಟ್ಟಲೆ ಹಾಸಿಗೆಯ ಪಕ್ಕದಲ್ಲಿ ಕೂರುವ ಮಗುವಿಗೆ ಶುಶ್ರೂಷೆ, ಅಂಗಸಾಧನೆಯ ಚಿಕಿತ್ಸೆ, ವೃದ್ಧರ ಆರೈಕೆ ಒಗ್ಗಬಹುದು. ಅಜ್ಜಿಯ ಮಾತಿಗೆ ಕಿವಿಗೊಟ್ಟು ಅವಳ ಅಳಲನ್ನು ಹಗುರ ಮಾಡುವ ಮಗುವು ಮುಂದೆ ಮನೋವೈದ್ಯಕೀಯ ಸಲಹೆಯಲ್ಲಿ, ವಿಶೇಷ ಮಕ್ಕಳ ಶಿಕ್ಷಣದಲ್ಲಿ ಬೆಳಗಬಹುದು. ಗುಳಿಗೆಯ ಹೊತ್ತನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವ ಮಗು ಆಸ್ಪತ್ರೆಯ ಆಡಳಿತಕ್ಕೆ ಹುಟ್ಟಿದ್ದಿರಬಹುದು. ಅಜ್ಜಿ ಜಾರಿ ಬಿದ್ದದ್ದೇಕೆಂದು ಬಚ್ಚಲಿನ ಕಲ್ಲನ್ನು ಪರೀಕ್ಷಿಸುವ ಮಗು ಎಂಜಿನಿಯರ್ ಆಗಿಯೇ ಜನರ ಜೀವ ಉಳಿಸಬಹುದು. ಪಕ್ಕದ ಮೂರು ಮನೆಗಳಲ್ಲೂ ಇದೇ ಜ್ವರವಿದೆಯಲ್ಲ ಎಂದು ಎಣಿಸುವ ಮಗುವಿಗೆ ಸಾರ್ವಜನಿಕ ಆರೋಗ್ಯವೂ ಸಂಖ್ಯಾಶಾಸ್ತ್ರವೂ ಕಾದಿವೆ. ಅಜ್ಜಿಗೆ ಬರಬೇಕಾದ ಪಿಂಚಣಿ ಯಾಕೆ ಬಂದಿಲ್ಲವೆಂದು ಕಚೇರಿಗೆ ಅಲೆಯುವ ಮಗುವು ಒಳ್ಳೆಯ ವಕೀಲನೋ ಅಧಿಕಾರಿಯೋ ಆಗಬಹುದು.

ಹಾಸಿಗೆಯ ಪಕ್ಕದಲ್ಲಿ ಕೂರಲಾರದ ಮಗುವಿಗೆ ಕನಿಕರವಿಲ್ಲವೆಂದು ಯಾರೂ ತೀರ್ಮಾನಿಸಬಾರದು. ಗಣಿತವನ್ನು ಪ್ರೀತಿಸುವ ಹುಡುಗಿಯನ್ನು ಸೇವೆಯ ಹೆಸರಿನಲ್ಲಿ ಒಲ್ಲದ ಓದಿಗೆ ನೂಕಬಾರದು. ಹಾಗೆ ನೂಕಿದ್ದರಿಂದ ಬೇಸತ್ತ ದಾದಿಯರು, ಸಿಡುಕುವ ವೈದ್ಯರು, ಮಕ್ಕಳನ್ನು ಕಂಡರಾಗದ ಶಿಕ್ಷಕರು ನಮ್ಮ ನಡುವೆ ಕಡಿಮೆಯಿಲ್ಲ. ಯಾವ ಕಾಯಕವನ್ನೇ ಹಿಡಿಯಲಿ, ವರ್ಷಕ್ಕೊಮ್ಮೆಯಾದರೂ ತನ್ನ ಸೇವೆಯಿಂದ ನೊಂದವನ ನೋವು ನಿಜವಾಗಿಯೂ ಇಳಿಯಿತೇ ಎಂದು ಲೆಕ್ಕ ನೋಡಿಕೊಳ್ಳುವ ಪ್ರಾಮಾಣಿಕತೆಯನ್ನು ಮಗುವಿಗೆ ಕಲಿಸಿರಿ. ಸ್ಕುಟಾರಿಯ ಚಳಿಗಾಲದಲ್ಲಿ ಸತ್ತವರನ್ನು ಫ್ಲಾರೆನ್ಸ್ ಅವರು ಉಳಿಸಲಾಗಲಿಲ್ಲ. ಅವರ ಸಾವನ್ನು ಒಬ್ಬೊಬ್ಬರಂತೆ ಎಣಿಸಿದ್ದರಿಂದ ಮುಂದೆ ಅಂಥ ಸಾವಿಗೆ ಈಡಾಗಬೇಕಾಗಿದ್ದ ಅನೇಕರು ಉಳಿದರು. ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೂ ತಮ್ಮ ಸ್ವಭಾವಕ್ಕೆ ತಕ್ಕ ಕಾಯಕವು ಬೇಗನೆ ಕಾಣಲಿ, ಅದನ್ನು ಗುರುತಿಸುವ ಕಣ್ಣು ಹಿರಿಯರಿಗೆ ದೊರೆಯಲಿ ಎಂದು ಹಾರೈಸುತ್ತೇವೆ.